ಟ್ರಾನ್ಸ್‌ಫರ್ ಅರ್ಜಿ: ಬೇರೆಯವರು ತುಂಬಬೇಕಾದ ಫಾರ್ಮ್‌ಗಳನ್ನು ಮೊದಲು ಮುಗಿಸಿ

ಅಮೆರಿಕದಲ್ಲಿ ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ (ಕಡಿಮೆ ಶುಲ್ಕದ ಸ್ಥಳೀಯ ಕಾಲೇಜು) ಓದಿ, ಮೂರನೇ ವರ್ಷಕ್ಕೆ ದೊಡ್ಡ ವಿಶ್ವವಿದ್ಯಾಲಯಕ್ಕೆ ಟ್ರಾನ್ಸ್‌ಫರ್ ಆಗುವುದು ಖರ್ಚು ಉಳಿಸುವ ಒಳ್ಳೆಯ ದಾರಿ. ಕ್ಯಾಲಿಫೋರ್ನಿಯಾದ ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ) ಕನ್ನಡ ಮನೆಗಳಲ್ಲಿ ಡಿ ಆಂಜಾ, ಫುಟ್‌ಹಿಲ್ ಕಾಲೇಜುಗಳ ಹೆಸರು ಕೇಳಿಬರುವುದೂ ಇದಕ್ಕೇ. ಆದರೆ ಅರ್ಜಿ ಹಾಕುವ ಹೊತ್ತಿಗೆ ಮಕ್ಕಳು ಪ್ರಬಂಧ ತಿದ್ದುವುದರಲ್ಲೇ ಮುಳುಗಿರುತ್ತಾರೆ. ಮೇಷ್ಟ್ರು, ಆಫೀಸಿನವರು ತುಂಬಬೇಕಾದ ಕಾಗದಗಳು ಕೊನೆಯ ವಾರಕ್ಕೆ ಉಳಿಯುತ್ತವೆ. ಒಳ್ಳೆಯ ಗ್ರೇಡ್ ಇದ್ದವರ ಅರ್ಜಿಯೂ ಅಲ್ಲೇ ಸಿಕ್ಕಿಹಾಕಿಕೊಳ್ಳುವುದನ್ನು ನೋಡಿ ನೋಡಿ ಬೇಸರವಾಗಿ ಇದನ್ನು ಬರೆಯುತ್ತಿದ್ದೇನೆ.

ಯಾರು ಏನು ಕೇಳುತ್ತಾರೆ?

ಸರ್ಕಾರಿ ವಿಶ್ವವಿದ್ಯಾಲಯಗಳಾದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಮತ್ತು ಕ್ಯಾಲ್ ಸ್ಟೇಟ್ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಅರ್ಜಿಗಳ ಜೊತೆ ಶಿಫಾರಸು ಪತ್ರ ಕೇಳುವುದಿಲ್ಲ. ಕೇಳದಿದ್ದರೆ ಕಳಿಸಬೇಡಿ. ಸ್ಟ್ಯಾನ್‌ಫರ್ಡ್, ಕಾರ್ನೆಲ್ ತರಹದ ಖಾಸಗಿ ವಿಶ್ವವಿದ್ಯಾಲಯಗಳಿಗೆ ಕಾಮನ್ ಆ್ಯಪ್ (ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಆನ್‌ಲೈನ್ ತಾಣ) ಎಂಬುದರ ಟ್ರಾನ್ಸ್‌ಫರ್ ವಿಭಾಗದಲ್ಲಿ ಅರ್ಜಿ ಹಾಕಬೇಕು. ಹೈಸ್ಕೂಲಿನಿಂದ ನೇರ ಸೇರುವವರ ಅರ್ಜಿಯೇ ಬೇರೆ, ಇದೇ ಬೇರೆ. ಪತ್ರ, ಕಾಲೇಜ್ ರಿಪೋರ್ಟ್, ಮಿಡ್‌ಟರ್ಮ್ ರಿಪೋರ್ಟ್, ಹೈಸ್ಕೂಲ್ ಅಂಕಪಟ್ಟಿ, ಇವುಗಳಲ್ಲಿ ಯಾವುದು ಬೇಕು, ಎಂದಿಗೆ ಬೇಕು ಅನ್ನುವುದನ್ನು ಕಾಲೇಜುವಾರು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಪತ್ರ ಯಾರಿಂದ?

ನಿಮ್ಮನ್ನು ಕ್ಲಾಸಿನಲ್ಲಿ ಕಂಡ ಮೇಷ್ಟ್ರಿಂದ. ವಿಭಾಗದ ಮುಖ್ಯಸ್ಥರು, ಅಪ್ಪನ ಸ್ನೇಹಿತರಾದ ಕಂಪನಿ ಡೈರೆಕ್ಟರ್ ಇವರೆಲ್ಲ ಬೇಡ. ಮೂವತ್ತು ಜನರ ಕ್ಲಾಸಿನಲ್ಲಿ ನೀವು ಪ್ರಶ್ನೆ ಕೇಳಿದ್ದನ್ನು ನೆನಪಿಟ್ಟುಕೊಂಡವರ ಒಂದು ಪ್ಯಾರಾಕ್ಕೆ ತೂಕ ಜಾಸ್ತಿ.

ನಮ್ಮ ಕಡೆ ಒಂದು ರೂಢಿ ಇದೆ. 'ನೀನೇ ಬರ್ಕೊಂಡು ಬಾರಪ್ಪ, ಸೈನ್ ಹಾಕ್ತೀನಿ' ಅನ್ನುತ್ತಾರೆ. ಕರ್ನಾಟಕದ ಕಾಲೇಜಿನಿಂದ ಬಂದವರು ಅಲ್ಲಿನ ಮೇಷ್ಟ್ರ ಹತ್ತಿರ ಪತ್ರ ಕೇಳಿದಾಗಲೂ ಇದೇ ಉತ್ತರ ಬರಬಹುದು. ಒಪ್ಪಬೇಡಿ. ಪತ್ರದ ಬದಲು ಒಂದು ಪುಟದ ಟಿಪ್ಪಣಿ ಕೊಡಿ: ಯಾವ ಟರ್ಮ್, ಯಾವ ಕೋರ್ಸ್, ಎಷ್ಟು ಗ್ರೇಡ್, ಯಾವ ಪ್ರಾಜೆಕ್ಟ್, ಮುಂದೆ ಏನು ಓದಬೇಕೆಂದಿದ್ದೀರಿ. 'ಮೊದಲ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದೆ, ಆಮೇಲೆ ಪ್ರತಿ ವಾರ ಆಫೀಸ್ ಅವರ್‌ಗೆ ಬಂದು ಇಂಡಕ್ಷನ್ ಲೆಕ್ಕಗಳನ್ನು ಮಾಡಿದೆ' ಅನ್ನುವಷ್ಟು ನಿಖರವಾಗಿರಲಿ (ಆಫೀಸ್ ಅವರ್ ಅಂದರೆ ಮೇಷ್ಟ್ರು ವಿದ್ಯಾರ್ಥಿಗಳ ಪ್ರಶ್ನೆಗಳಿಗೆಂದು ಕೊಡುವ ಸಮಯ). ಅದನ್ನು ನೋಡಿದರೆ ಮೇಷ್ಟ್ರಿಗೆ ಬರೆಯಲು ಏನಾದರೂ ಸಿಗುತ್ತದೆ. ದುಡ್ಡು ತೆಗೆದುಕೊಂಡು ಪತ್ರ ಬರೆದುಕೊಡುವವರ ಹತ್ತಿರ ಸುಳಿಯಲೇಬೇಡಿ. ಆ ಪತ್ರ ಯಾವ ಹುಡುಗನಿಗಾದರೂ ಹೊಂದುತ್ತದೆ, ಅಂದರೆ ಯಾರಿಗೂ ಉಪಯೋಗವಿಲ್ಲ.

ಕೊನೆಯ ದಿನಕ್ಕೆ ಆರು ವಾರ ಮೊದಲೇ ಕೇಳಿ. ಟ್ರಾನ್ಸ್‌ಫರ್ ವಿಭಾಗದಲ್ಲಿ ಪತ್ರದ ಮನವಿ ಪ್ರತಿ ಕಾಲೇಜಿಗೂ ಬೇರೆ ಹೋಗುತ್ತದೆ. ಮೇಷ್ಟ್ರಿಗೆ ಇದನ್ನು ಮುಂಚೆಯೇ ಹೇಳಿಬಿಡಿ, ಇಲ್ಲದಿದ್ದರೆ ಎರಡನೇ ಮೇಲ್ ತಪ್ಪಿ ಬಂದಿದೆ ಅಂದುಕೊಂಡು ಅಳಿಸಿಬಿಡುತ್ತಾರೆ. ಅವರ ಕಾಲೇಜಿನ ಇಮೇಲ್ ವಿಳಾಸವನ್ನೇ ಕೊಡಿ, ಜಿಮೇಲ್ ಬೇಡ.

ಮನವಿ ಕಳಿಸುವಾಗ ಪತ್ರ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ ಎಂಬ ಪ್ರಶ್ನೆ ಬರುತ್ತದೆ. ಇದು 1974ರ ಫೆರ್ಪಾ ಕಾನೂನಿನದು, ಅಂದರೆ ವಿದ್ಯಾರ್ಥಿಯ ಓದಿನ ದಾಖಲೆಗಳನ್ನು ಯಾರು ನೋಡಬಹುದು ಎಂದು ಹೇಳುವ ಅಮೆರಿಕದ ಕಾನೂನು. ಬಿಟ್ಟುಕೊಡಿ. ಹಕ್ಕು ಇಟ್ಟುಕೊಂಡರೂ ಅದು ಕೆಲಸಕ್ಕೆ ಬರುವುದು ಆ ಕಾಲೇಜು ಸೇರಿದ ಮೇಲೆಯೇ. ಹುಡುಗ ಪತ್ರ ನೋಡಬಹುದು ಎಂದು ಗೊತ್ತಿದ್ದು ಬರೆದದ್ದನ್ನು ಪ್ರವೇಶ ಸಮಿತಿ ಅಷ್ಟಾಗಿ ನಂಬುವುದೂ ಇಲ್ಲ.

ಕಾಲೇಜ್ ರಿಪೋರ್ಟ್

ಇದನ್ನು ಇಷ್ಟದ ಮೇಷ್ಟ್ರಿಗೆ ಕೊಡುವವರೇ ಜಾಸ್ತಿ. ತಪ್ಪು. ನಿಮ್ಮ ಮೇಲೆ ಶಿಸ್ತುಕ್ರಮ ಆಗಿದೆಯೇ, ಓದಿನಲ್ಲಿ ನಿಮ್ಮ ಸ್ಥಿತಿ ಸರಿಯಿದೆಯೇ ಎಂದು ಈ ಫಾರ್ಮ್ ಕೇಳುತ್ತದೆ. ಆ ದಾಖಲೆ ನೋಡುವ ಅಧಿಕಾರ ಇರುವವರು ಡೀನ್ ಆಫೀಸಿನವರು, ರಿಜಿಸ್ಟ್ರಾರ್ ಅಥವಾ ಕೌನ್ಸೆಲರ್. ನಿಮ್ಮ ಕಾಲೇಜಿನಲ್ಲಿ ಯಾರು ತುಂಬುತ್ತಾರೆ ಎಂದು ಮೇಲ್ ಮಾಡಿ ಕೇಳಿ. ಹೆತ್ತವರು ಫೋನ್ ಮಾಡಿ ವಿಚಾರಿಸಿದರೆ ಸಾಮಾನ್ಯವಾಗಿ ಮಾತಾಡುವುದಿಲ್ಲ. ಅದೇ ಫೆರ್ಪಾ ಅಡ್ಡ ಬರುತ್ತದೆ. ವಿದ್ಯಾರ್ಥಿಯೇ ಕೇಳಬೇಕು.

ಮಿಡ್‌ಟರ್ಮ್ ರಿಪೋರ್ಟ್: ಇಲ್ಲೇ ಎಡವುವುದು

ಅರ್ಜಿ ಹಾಕುವಾಗ ನಡೆಯುತ್ತಿರುವ ಕೋರ್ಸ್‌ಗಳ ಗ್ರೇಡ್ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ (ಕಾಲೇಜಿನ ಅಧಿಕೃತ ಅಂಕಪಟ್ಟಿ) ಇರುವುದಿಲ್ಲ, ಅಲ್ವಾ? ಆ ಜಾಗ ತುಂಬಲು ಈ ಫಾರ್ಮ್. ಪ್ರತಿ ಕೋರ್ಸಿನ ಮುಂದೆ ಆ ಮೇಷ್ಟ್ರು ಇಲ್ಲಿಯವರೆಗಿನ ಗ್ರೇಡ್ ಬರೆದು ಸಹಿ ಹಾಕಬೇಕು. ನಾಲ್ಕು ಕೋರ್ಸ್ ಇದ್ದರೆ ನಾಲ್ಕು ಸಹಿ. ಒಬ್ಬರು ರಜೆಯಲ್ಲಿದ್ದರೆ ಮುಗಿಯಿತು.

ಕೋರ್ಸ್ ಹೆಸರು, ಕೋಡ್, ಯೂನಿಟ್, ಮೇಷ್ಟ್ರ ಹೆಸರು ಇಷ್ಟನ್ನು ನೀವೇ ಟೈಪ್ ಮಾಡಿ. ಗ್ರೇಡ್ ಮಾತ್ರ ಎಂದೂ ನೀವು ಬರೆಯಬೇಡಿ, ಆನ್‌ಲೈನಿನಲ್ಲಿ ಕಣ್ಣಿಗೆ ಕಾಣುತ್ತಿದ್ದರೂ ಸರಿ. ಮೊದಲ ಪರೀಕ್ಷೆಯ ಅಂಕ ಬಂದ ಮೇಲೆ ಹೋಗಿ. ಅದಕ್ಕಿಂತ ಮೊದಲು ಹೋದರೆ ಕೊಡಲು ಅವರ ಹತ್ತಿರ ಗ್ರೇಡ್ ಇರುವುದಿಲ್ಲ. ಯಾರಾದರೂ ಈಗಲೇ ಹೇಳಲಾಗದು ಅಂದರೆ ಅದನ್ನೇ ಒಂದು ಸಾಲಿನಲ್ಲಿ ಬರೆದು ಸಹಿ ಹಾಕಲು ಕೇಳಿ. ಖಾಲಿ ಬಿಡಬೇಡಿ.

ಕೈಯಲ್ಲಿ ಹಿಡಿದು ಹೋಗುವುದೇ ನನ್ನ ಪ್ರಕಾರ ಸರಿ. ಕ್ಲಾಸ್ ಮುಗಿದ ಮೇಲೆ ಎರಡು ನಿಮಿಷ ಸಾಕು. ಆನ್‌ಲೈನ್ ಕೋರ್ಸ್ ಆದರೆ ಮೇಲ್ ಮಾಡಲೇಬೇಕು. ಅಲ್ಲಿ ಒಂದು ತೊಡಕಿದೆ. ಮೊದಲನೆಯವರು ಪಿಡಿಎಫ್‌ಗೆ ಡಿಜಿಟಲ್ ಸಹಿ ಹಾಕಿದರೆ ಫೈಲ್ ಲಾಕ್ ಆಗಿಬಿಡಬಹುದು. ಮುಂದಿನವರಿಗೆ ಅದರಲ್ಲಿ ಬರೆಯಲು ಆಗುವುದಿಲ್ಲ. ಆದ್ದರಿಂದ ಪ್ರಿಂಟ್ ತೆಗೆದು ಪೆನ್ನಿನಲ್ಲಿ ಸಹಿ ಹಾಕಿ ಸ್ಕ್ಯಾನ್ ಕಳಿಸಲು ಕೇಳಿ, ಆನ್‌ಲೈನಿನವರನ್ನು ಕೊನೆಗೆ ಇಟ್ಟುಕೊಳ್ಳಿ. ಸ್ಕ್ಯಾನ್ ಮಾಡಲು ಪುಟದ ಕೆಳಗೆ ತನ್ನ ಜಾಹೀರಾತು ಅಚ್ಚೊತ್ತುವ ಉಚಿತ ಆ್ಯಪ್ ಹಾಕಿಕೊಳ್ಳಬೇಡಿ. ಗೂಗಲ್ ಡ್ರೈವ್ ಅಥವಾ ಐಫೋನಿನ ನೋಟ್ಸ್‌ನಲ್ಲೇ ಸ್ಕ್ಯಾನ್ ಇದೆ.

ಡಿ ಆಂಜಾ, ಫುಟ್‌ಹಿಲ್ ಕಡೆ ಕ್ವಾರ್ಟರ್ ಪದ್ಧತಿ, ಅಂದರೆ ಸೆಮಿಸ್ಟರ್ ಬದಲು ಚಿಕ್ಕ ಚಿಕ್ಕ ಟರ್ಮ್‌ಗಳು. ವಿಂಟರ್ ಕ್ವಾರ್ಟರ್ ಮಾರ್ಚ್ ಕೊನೆಗೆ ಮುಗಿಯುತ್ತದೆ, ಬಹಳಷ್ಟು ಖಾಸಗಿ ಕಾಲೇಜುಗಳ ಕೊನೆಯ ದಿನವೂ ಮಾರ್ಚ್ ಆಸುಪಾಸಿನಲ್ಲೇ. ಹಾಗಾಗಿ ವಿಂಟರ್ ಕೋರ್ಸ್‌ಗಳಿಗೆ ಈ ಫಾರ್ಮ್ ತುಂಬಿಸಿ. ಕ್ವಾರ್ಟರ್ ಮುಗಿದು ಗ್ರೇಡ್ ಬಂದ ತಕ್ಷಣ ಹೊಸ ಟ್ರಾನ್ಸ್‌ಕ್ರಿಪ್ಟನ್ನೂ ಕಳಿಸಿ.

ಕಳಿಸಿದ ಮೇಲೆ

ಅರ್ಜಿ ತಲುಪಿದ ಮೇಲೆ ಕಾಲೇಜು ತನ್ನ ಪೋರ್ಟಲ್ ಕೊಡುತ್ತದೆ. ಅದರಲ್ಲಿ ಯಾವುದು ಬಂದಿದೆ, ಯಾವುದು ಬಾಕಿ ಎಂದು ತೋರಿಸುತ್ತದೆ. ಕಳಿಸಿದ ಮರುದಿನವೇ ಬಾಕಿ ಎಂದು ಕಂಡರೆ ಗಾಬರಿಯಾಗಿ ಮತ್ತೆ ಮತ್ತೆ ಕಳಿಸಬೇಡಿ. ವಾರ, ಹತ್ತು ದಿನ ಕಾಯಿರಿ. ಆಮೇಲೂ ಬಾಕಿ ಎಂದೇ ಇದ್ದರೆ ಪೂರ್ತಿ ಹೆಸರು, ಹುಟ್ಟಿದ ದಿನ, ಅರ್ಜಿ ಸಂಖ್ಯೆ ಹಾಕಿ ಪ್ರವೇಶ ಕಚೇರಿಗೆ ಒಂದೇ ಒಂದು ಮೇಲ್ ಮಾಡಿ, ಸಹಿಯಾದ ಪ್ರತಿಯನ್ನು ಜೊತೆಗೇ ಲಗತ್ತಿಸಿ. ಪತ್ರ ಬಾಕಿ ಇದ್ದರೆ ಮಾತ್ರ ಮೇಷ್ಟ್ರಿಗೆ ಬರೆಯಿರಿ. ಜಂಕ್ ಫೋಲ್ಡರ್ ಒಮ್ಮೆ ನೋಡಿ ಎಂದು ವಿನಯದಿಂದ ಕೇಳಿದರೆ ಸಾಕು.