ಶಾಸಕರ ಹತ್ರ 41 ಬೇಡಿಕೆ ತಗೊಂಡೋಗಿ ಬರಿಗೈಲಿ ವಾಪಸ್ ಬಂದ್ಮೇಲೆ

ನಮ್ಮದು 23 ವಾರ್ಡಿನ ಪುರಸಭೆ. ಊರ ಹೆಸರು ಬೇಡ ಬಿಡಿ, ನಮ್ಮೂರೋರು ಓದಿದ್ರೆ ಎರಡನೇ ಪ್ಯಾರಾಗೇ ಗೊತ್ತಾಗೋಗುತ್ತೆ. ನಾನು ಗೆದ್ದಿದ್ದು 2018ರಲ್ಲಿ, ಮಹಿಳಾ ಮೀಸಲು ವಾರ್ಡಿಂದ. ಗೆದ್ದಮೇಲೆ ಎರಡು ವರ್ಷ ಅಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟಲ್ಲೇ ಇತ್ತು, ರಾಜ್ಯದಲ್ಲಿ ಎಷ್ಟೋ ಊರುಗಳ ಕಥೆ ಇದೇ. ಕೈಲಿ ಸರ್ಟಿಫಿಕೇಟ್ ಇತ್ತು, ಕೂರಕ್ಕೆ ಸಭೆ ಇರ್ಲಿಲ್ಲ. 2020ರ ಕೊನೇಲಿ ಅಧ್ಯಕ್ಷರು ಉಪಾಧ್ಯಕ್ಷರು ಆದ್ರು, ಆಮೇಲೆ ಎಲ್ರಿಗೂ ಒಂದೇ ಆತುರ, ಕಳ್ಕೊಂಡ ಎರಡು ವರ್ಷದ ಕೆಲ್ಸ ಒಂದೇ ಸಲ ಆಗ್ಬೇಕು.

ಹಂಗಾಗಿ ಮೊದಲ್ನೇ ಪಟ್ಟಿ 41 ಐಟಂ ಆಯ್ತು. ವಾರ್ಡಿಗೆ ಒಂದೋ ಎರಡೋ ಅಂತ ಹಂಚ್ಕೊಂಡ್ವಿ, ಯಾರಿಗೂ ಬೇಜಾರಾಗ್ಬಾರ್ದಲ್ಲ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ತಗೊಂಡು ಬೆಳಗ್ಗೆ ಏಳೂವರೆಗೆ ಶಾಸಕರ ಮನೆ ಮುಂದೆ ನಿಂತ್ವಿ. ಮದುವೆ ಪತ್ರಿಕೆ ಹಿಡ್ಕೊಂಡೋರು, ಟ್ರಾನ್ಸ್‌ಫರ್ ಲೆಟರ್ ಕೇಳೋರು, ಆಸ್ಪತ್ರೆ ಬಿಲ್ಲಿನೋರು, ಅವ್ರ ಮಧ್ಯ ನಾವೂ. ಒಳಗೆ ಹೋದ ತಕ್ಷಣ ಶಾಸಕರು ನನ್ನ ನೋಡಿ "ಯಜಮಾನ್ರು ಬರ್ಲಿಲ್ವೇನಮ್ಮ?" ಅಂದ್ರು. ಗೆದ್ದಿರೋದು ನಾನು ಸಾರ್ ಅನ್ಬೇಕು ಅನ್ನಿಸ್ತು, ಅನ್ಲಿಲ್ಲ. ಪಟ್ಟಿ ಮೇಲೆ "ಪರಿಶೀಲಿಸಿ ಅಗತ್ಯ ಕ್ರಮ ಕೈಗೊಳ್ಳುವುದು" ಅಂತ ಬರೆದು ಸಹಿ ಹಾಕಿ ಪಿಎಗೆ ಕೊಟ್ರು. ಹೊರಗೆ ಬಂದು ಕಾಫಿ ಕುಡಿದು ಫೋಟೋ ತೆಗೆಸ್ಕೊಂಡ್ವಿ.

ಹದಿನೈದು ದಿನ ಆದ್ಮೇಲೆ ನಮ್ಮ ಆಫೀಸಲ್ಲಿ ಫೈಲ್ ನೋಡ್ಕೊಳ್ಳೋ ಕೇಸ್ ವರ್ಕರ್ ಕರೆದು ಒಂದು ಕಾಗದ ತೋರಿಸಿದ್ರು. ಅದೇ ಪಟ್ಟಿ, ಅದೇ ಸಹಿ. "ಮೇಡಂ, ಕ್ರಮ ಕೈಗೊಳ್ಳಿ ಅಂತ ನಮ್ಗೇ ಕಳ್ಸಿದಾರೆ" ಅಂದ್ರು. ನಾವು ಕೇಳಿದ್ದು ನಮ್ಮ ಹತ್ರನೇ ವಾಪಸ್ ಬಂದಿತ್ತು! ಆವತ್ತು ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ, ಆದ್ರೆ ಆ ಕೇಸ್ ವರ್ಕರ್ ಮುಂದೆ ಕೂತು ಒಂದು ಗಂಟೆ ಕೇಳಿಸ್ಕೊಂಡಿದ್ದು ಮೂರು ದಿನದ ತರಬೇತಿಗಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಅವ್ರು ಹೇಳಿದ್ದು ಇಷ್ಟು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಅಂದ್ರೆ ವರ್ಷಕ್ಕೆ 2 ಕೋಟಿ, ಅದು ನಮ್ಮ ಊರಿಗಲ್ಲ ಇಡೀ ಕ್ಷೇತ್ರಕ್ಕೆ, ಅದ್ರಲ್ಲಿ ಅಷ್ಟೂ ಗ್ರಾಮ ಪಂಚಾಯ್ತಿ, ಶಾಲೆ ಕಾಂಪೌಂಡು, ಸಮುದಾಯ ಭವನ, ದೇವಸ್ಥಾನದ ಮುಂದಿನ ಶೆಡ್ಡು ಎಲ್ಲ ಬರ್ಬೇಕು. ಅದ್ರಲ್ಲಿ ನಮ್ಗೆ ಎಷ್ಟು ಸಿಕ್ಕೀತು? ನಮ್ಮದೇ ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗದ) ದುಡ್ಡಲ್ಲಿ 24.10% ಪರಿಶಿಷ್ಟರಿಗೆ, 7.25% ಇತರೆ ಬಡವರಿಗೆ, 5% ವಿಶೇಷಚೇತನರಿಗೆ ಅಂತ ಮೊದ್ಲೇ ತೆಗೆದಿಡ್ಬೇಕು, ಅದು ಸರಿನೇ. ಆಗ ಬರ್ತಿದ್ದ ಕೇಂದ್ರದ 15ನೇ ಹಣಕಾಸು ಆಯೋಗದ ದುಡ್ಡಲ್ಲಿ 60% ನೀರು, ಕಸ, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ರು, ಅದನ್ನ ರಸ್ತೆಗೆ ಹಾಕಕ್ಕಾಗ್ತಿರ್ಲಿಲ್ಲ. ಅಂದ್ರೆ ಒಂದೊಂದು ಕೆಲ್ಸಕ್ಕೂ ಒಂದೊಂದು ಡಬ್ಬ. ಶಾಸಕರ ಹತ್ರ ಅವರ ಡಬ್ಬದ ದುಡ್ಡು ಕೇಳೋದು ದಂಡ, ಬೇರೆ ಡಬ್ಬದ ಮುಚ್ಚಳ ತೆಗೆಸಕ್ಕೆ ಅವರ ಮಾತು ಬೇಕು. ನಗರೋತ್ಥಾನ ಅಂತ ಪಟ್ಟಣಗಳ ಕೆಲ್ಸಕ್ಕೆ ರಾಜ್ಯ ಸರ್ಕಾರದ ಯೋಜನೆ ಇದೆ, ಅದರ ಆಕ್ಷನ್ ಪ್ಲಾನ್ ಆಗ್ವಾಗ ಅವ್ರ ಒಂದು ಮಾತಿಗೆ ಇರೋ ತೂಕ ನಮ್ಮ 23 ಜನರ ಸಹಿಗೂ ಇಲ್ಲ.

ಪಟ್ಟಿ ಕಮ್ಮಿ ಮಾಡ್ಬೇಕು ಅಂತ ಸಾಮಾನ್ಯ ಸಭೆಲಿ ನಾನು ಹೇಳಿದ್ದಕ್ಕೆ ಗಲಾಟೆ. "ನಿಮ್ ವಾರ್ಡ್ ಕೆಲ್ಸ ಇಟ್ಕೊಂಡು ನಮ್ದು ತೆಗಿತೀರಾ?" ಅಂತ ಒಬ್ರು ಅಜೆಂಡಾ ಕಾಪಿ ಹರಿದು ಎಸೆದ್ರು. ನನ್ನ ವಾರ್ಡಿನ ಎರಡೂ ಕೆಲ್ಸ ಮೊದ್ಲು ತೆಗೀರಿ ಅಂದೆ, ಆಮೇಲೆ ಸ್ವಲ್ಪ ಗದ್ದಲ ಇಳೀತು. (ನನ್ನ ವಾರ್ಡಿನ ಜನ ಇದನ್ನ ಇನ್ನೂ ಕ್ಷಮಿಸಿಲ್ಲ.)

ಕೆಲ್ಸ ತಿರುಗಿದ್ದು ನೀರು ಬಿಡೋ ವಾಲ್ವ್‌ಮನ್ ಅಣ್ಣನಿಂದ. ಅವ್ರು ಎಷ್ಟೋ ವರ್ಷದಿಂದ ಪೈಪ್ ಒಡೆದಿದ್ದೆಲ್ಲ ಯಾವ್ದೋ ಸೊಸೈಟಿ ಕೊಟ್ಟ ಡೈರಿಲಿ ಬರ್ಕೋತಿದ್ರು, ಯಾಕಂದ್ರೆ ಜನ ಬೈದಾಗ ಆಫೀಸಲ್ಲಿ ತೋರಿಸಕ್ಕೆ ಏನಾದ್ರು ಬೇಕಲ್ಲ. ರಟ್ಟೆಲ್ಲ ನೀರು ಬಿದ್ದು ಉಬ್ಬೋಗಿತ್ತು. ಒಳಗೆ ನೋಡಿದ್ರೆ "ಬಂಕ್ ಎದ್ರು ಒಡೀತು, ಮಧ್ಯಾಹ್ನ ರಿಪೇರಿ", ಮತ್ತೆ ನಾಲ್ಕು ಪುಟ ಬಿಟ್ಟು "ಬಂಕ್ ಎದ್ರು", ಮತ್ತೆ "ಅದೇ ಜಾಗ". ಪಂಪ್‌ಹೌಸಿಂದ ಓವರ್‌ಹೆಡ್ ಟ್ಯಾಂಕಿಗೆ ಹೋಗೋ ಮೇನ್ ಲೈನಲ್ಲಿ ಒಂದು ಒಂದೂವರೆ ಕಿಲೋಮೀಟರ್ ಮಾತ್ರ ಕೊಳೆತಿರೋದು, ಅದು ಒಡೆದ ದಿನ 14 ವಾರ್ಡಿಗೆ ನೀರಿಲ್ಲ. ಅಣ್ಣನನ್ನೇ ಸಭೆಗೆ ಕರ್ಸಿ ಡೈರಿ ಓದಿಸಿದ್ವಿ. ತಗ್ಗಿದ ದನಿಲಿ ತಾರೀಕು, ಜಾಗ, ತಾರೀಕು, ಜಾಗ ಅಂತ ಓದ್ತಾ ಹೋದ್ರು, ಯಾರೂ ಮಾತಾಡ್ಲಿಲ್ಲ. ಅಜೆಂಡಾ ಹರಿದೋರ ವಾರ್ಡೂ ಆ 14ರಲ್ಲಿತ್ತು.

ಆವತ್ತು ಮೂರಕ್ಕೆ ಇಳೀತು ಪಟ್ಟಿ: ಮೇನ್ ಲೈನು, ಸಂತೆ ಮೈದಾನದ ಪಕ್ಕದ ಮಳೆ ನೀರಿನ ಕಾಲುವೆ, ಸ್ಮಶಾನದ ರಸ್ತೆ. ಒಂದೊಂದಕ್ಕೂ ಒಂದೊಂದೇ ಹಾಳೆ. ಅದ್ರಲ್ಲಿ ಏನ್ ಕೆಲ್ಸ, ಜೆಇ (ಜೂನಿಯರ್ ಇಂಜಿನಿಯರ್) ಕೈಲಿ ಎಸ್‌ಆರ್ ರೇಟಲ್ಲಿ ಅಂದ್ರೆ ಸರ್ಕಾರಿ ದರಪಟ್ಟಿ ಪ್ರಕಾರ ಮಾಡ್ಸಿದ ಎಸ್ಟಿಮೇಟು, ಯಾವ ಡಬ್ಬದಿಂದ ದುಡ್ಡು, ಫೈಲು ಈಗ ಯಾರ ಮೇಜಿನ ಮೇಲಿದೆ, ಶಾಸಕರಿಂದ ಬೇಕಾಗಿರೋದು ಏನು, ಇಷ್ಟೇ. "ಪರಿಶೀಲಿಸಿ" ಅನ್ನೋದು ಬೇಡ ಅಂತ ಡಿಸಿ ಹೆಸರಿಗೆ ಲೆಟರ್ ನಾವೇ ಟೈಪ್ ಮಾಡ್ಕೊಂಡು ಹೋದ್ವಿ, ಅವ್ರ ಲೆಟರ್‌ಹೆಡ್ಡಿಗೆ ಹಾಕಿ ಸಹಿ ಮಾಡಿದ್ರೆ ಸಾಕು ಅನ್ನೋ ಹಂಗೆ.

2022ರ ಜನವರಿ, ಬಜೆಟ್‌ಗೆ ಮುಂಚೆ. ಈ ಸಲ ಮನೆಗೆ ಹೋಗ್ಲಿಲ್ಲ, ಟೈಮ್ ಕೇಳಿ ಪ್ರವಾಸಿ ಮಂದಿರಕ್ಕೆ ಹೋದ್ವಿ, ಐದೇ ಜನ, ಹಾರ ಇಲ್ಲ. ಕಾಲುವೆ ಹಾಳೆ ನೋಡಿ ಪಕ್ಕಕ್ಕಿಟ್ರು. ಪೈಪ್‌ಲೈನ್ ಹಾಳೆ ಕೂಡ. ನನಗೆ ಅರ್ಥ ಆಗುತ್ತೆ, ಸಮುದಾಯ ಭವನ ಕಟ್ಟಿದ್ರೆ ಗೋಡೆ ಮೇಲೆ ಹೆಸರಿನ ಕಲ್ಲು ಕೂರುತ್ತೆ, ನೆಲದೊಳಗೆ ಹೂತಿಟ್ಟ ಪೈಪಿಗೆ ಯಾರು ಕಲ್ಲು ಹಾಕ್ತಾರೆ. ಆಗ ಡೈರಿ ಕೊಟ್ಟೆ. ಸುಮ್ನೆ ತಿರುವಿ ಹಾಕ್ತಿದ್ದೋರು ಒಂದು ಕಡೆ ನಿಂತ್ರು. "ಇದು ರಥೋತ್ಸವದ ದಿನ ಅಲ್ವೇನಮ್ಮ?" ಹೌದು ಸಾರ್. ಆವತ್ತು ತೇರು ಎಳಿಯಕ್ಕೆ ಬಂದಿದ್ದ ಅವರನ್ನ ಹೆಂಗಸ್ರು ಖಾಲಿ ಬಿಂದಿಗೆ ಹಿಡ್ಕೊಂಡು ರಸ್ತೇಲೇ ತಡೆದಿದ್ರು, ಅವ್ರು ಮರೆತಿರ್ಲಿಲ್ಲ. ಅಲ್ಲೇ ಪಿಎ ಫೋನಿಂದ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಮಾತಾಡಿದ್ರು. ಆ ವರ್ಷ ನಗರೋತ್ಥಾನದ ನಾಲ್ಕನೇ ಹಂತದ ಪಟ್ಟಿಲಿ ಮೇನ್ ಲೈನ್ ಸೇರ್ತು. ಡೈರಿ ಮಾತ್ರ ಪಿಎ ಹತ್ರನೇ ಉಳೀತು, ಅಣ್ಣಂಗೆ ಹೊಸದು ಕೊಡ್ಸಿದ್ದು ನಾನು.

ಕಾಲುವೆ ವಿಷ್ಯದಲ್ಲಿ ನಮ್ಗೆ ನೆನಪಾಗಿದ್ದು ಎಮ್ಮೆಲ್ಸಿ, ಅಂದ್ರೆ ವಿಧಾನ ಪರಿಷತ್ ಸದಸ್ಯರು. ಬಹಳ ಜನ ಸದಸ್ಯರಿಗೇ ಇದರ ಬೆಲೆ ಗೊತ್ತಿಲ್ಲ ನೋಡಿ. ಪರಿಷತ್ತಿನ 75 ಸೀಟಲ್ಲಿ 25 ಸ್ಥಳೀಯ ಸಂಸ್ಥೆಗಳದ್ದು, ಅಂದ್ರೆ ವೋಟ್ ಹಾಕೋರು ನಾವು, ಪಂಚಾಯ್ತಿ ಮೆಂಬರ್‌ಗಳು. 2021ರ ಡಿಸೆಂಬರಲ್ಲಿ ಚುನಾವಣೆ ಆಗಿತ್ತು, ಆವಾಗ ಪ್ರತಿ ದಿನ ಫೋನ್ ಬರ್ತಿತ್ತು, ಗೆದ್ಮೇಲೆ ಬರೋದು ನಿಂತೋಯ್ತು. ನಾವೇ ಹುಡ್ಕೊಂಡು ಹೋಗಿ ದುಡ್ಡು ಬೇಡ ಸಾರ್, ಒಂದು ಪ್ರಶ್ನೆ ಕೇಳಿ ಅಂದ್ವಿ. 2022ರ ಡಿಸೆಂಬರ್ ಬೆಳಗಾವಿ ಅಧಿವೇಶನಕ್ಕೆ ಚುಕ್ಕೆ ಗುರುತಿಲ್ಲದ ಪ್ರಶ್ನೆ (ಬರೆದೇ ಉತ್ತರ ಕೊಡೋದು) ಹಾಕಿದ್ರು. ಉತ್ತರ ಲಿಖಿತದಲ್ಲಿ ಬಂತು, ಒಂದೇ ಸಾಲು: ಪ್ರಸ್ತಾವನೆ ಸ್ವೀಕೃತವಾಗಿರುವುದಿಲ್ಲ. ನಾವು ಹತ್ತು ತಿಂಗಳಿಂದ ಬೆಂಗಳೂರಲ್ಲಿದೆ ಅಂದ್ಕೊಂಡಿದ್ದ ಫೈಲು ಜಿಲ್ಲೆ ದಾಟೇ ಇರ್ಲಿಲ್ಲ, ಒಂದು ಬೀರುವಿನಲ್ಲಿ ಮಲಗಿತ್ತು! ಆ ಉತ್ತರದ ಜೆರಾಕ್ಸ್ ಹಿಡ್ಕೊಂಡು ಹೋದ್ವಿ, ನಾಲ್ಕನೇ ದಿನಕ್ಕೆ ಫೈಲ್ ಮೂವ್ ಆಯ್ತು. ಕೇಳಿದ್ದರಲ್ಲಿ ಅರ್ಧ ದುಡ್ಡು ಬಂತು, ಕಾಲುವೆನೂ ಅರ್ಧಕ್ಕೆ ಬಂದು ನಿಂತಿದೆ, ಮಳೆಗಾಲದಲ್ಲಿ ನೀರು ಸಂತೆ ಒಳಗೆ ಬರೋದು ತಪ್ಪಿದೆ, ಅದರ ಕೆಳಗಿರೋ ಗ್ಯಾರೇಜಿನೋರು ಈಗ ನಮ್ಮನ್ನ ಬೈತಾರೆ.

ಸ್ಮಶಾನದ ರಸ್ತೆ ಆಗ್ಲಿಲ್ಲ, ಅದರಲ್ಲಿ ತಪ್ಪು ಪೂರ್ತಿ ನಮ್ದೇ. ಎಸ್ಟಿಮೇಟ್ ಮಾಡ್ಸಿದ್ವಿ, ಶಾಸಕರ ಲೆಟರ್ ತಗೊಂಡ್ವಿ, ಪಹಣಿ ಮಾತ್ರ ತೆಗೆಸಿ ನೋಡ್ಲಿಲ್ಲ. ರಸ್ತೆ ಅಂತ ಎಲ್ರೂ ಓಡಾಡೋ ಜಾಗದಲ್ಲಿ ಕಾಲು ಭಾಗ ಖಾಸಗಿಯವರ ಹೆಸರಲ್ಲಿದೆ. ಸರ್ವೆಯವರು ಎರಡು ಸಲ ಬಂದು ಅಳತೆ ಮಾಡ್ಕೊಂಡು ಹೋದ್ರು, ಗಡಿ ತೋರ್ಸೋ ಹದ್ದುಬಸ್ತು ಕಲ್ಲು ಇನ್ನೂ ನೆಟ್ಟಿಲ್ಲ.