ಮಲ್ಪೆಯವರು ಪರದೇಶದ ಕಡಲಿಗೆ ಒಬ್ಬರೇ ಹೋಗುವಾಗ

ಉಡುಪಿ, ಮಂಗಳೂರು ಕಡೆಯಿಂದ ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೋದವರು, ಊರಿನ ನೆನಪು ಕಾಡುವ ಮೊದಲ ವಾರಗಳಲ್ಲಿ ಹುಡುಕಿಕೊಂಡು ಹೋಗುವುದು ಹೆಚ್ಚಾಗಿ ಹತ್ತಿರದ ಕಡಲತೀರವನ್ನೇ. ಜೊತೆಗೆ ಬರುವವರು ಅಷ್ಟರಲ್ಲಿ ಸಿಕ್ಕಿರುವುದಿಲ್ಲವಾದ್ದರಿಂದ ಒಬ್ಬರೇ ಹೊರಡುತ್ತಾರೆ. ಹೋಗಬಾರದೆಂದು ನಾನು ಹೇಳುವುದಿಲ್ಲ. ಆದರೆ ಘಟ್ಟದ ಮೇಲಿನವರಿಗಿಂತ ನಮಗೇ ಅಪಾಯ ಹೆಚ್ಚು ಎಂಬುದು ನನ್ನ ಅನುಭವ. ಅವರು ಅಲೆಗೆ ಹೆದರಿ ದಂಡೆಯಲ್ಲೇ ನಿಲ್ಲುತ್ತಾರೆ, ನಾವು ಗೊತ್ತಿದೆಯೆಂದು ಮುಂದಕ್ಕೆ ಹೋಗುತ್ತೇವೆ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಓದುತ್ತಿದ್ದಾಗ ನಾನು ರೈಲು ಹತ್ತಿ ವೆಸ್ಟನ್-ಸೂಪರ್-ಮೇರ್ ಎಂಬ ಊರಿನ ಕಡಲಿಗೆ ಹೋಗಿದ್ದೆ. ಇಳಿತದ ಹೊತ್ತಾದ್ದರಿಂದ ನೀರು ಬಹಳ ದೂರದಲ್ಲಿ ಒಂದು ಗೆರೆಯಂತೆ ಕಾಣುತ್ತಿತ್ತು. ಮಲ್ಪೆಯಲ್ಲಿ ನೀರು ಇಳಿದ ಮೇಲೆ ಒದ್ದೆ ಹೊಯ್ಗೆ ಹುಡುಗರು ಕ್ರಿಕೆಟ್ ಆಡುವಷ್ಟು ಗಟ್ಟಿಯಾಗಿರುತ್ತದಲ್ಲ, ಅದೇ ಲೆಕ್ಕದಲ್ಲಿ ನೀರಿನತ್ತ ನಡೆದೆ. ಹೊಯ್ಗೆ ಮುಗಿದು ಬೂದು ಬಣ್ಣದ ಕೆಸರು ಶುರುವಾದದ್ದು ತಿಳಿಯಲಿಲ್ಲ. ಮೊದಲು ಪಾದ, ಆಮೇಲೆ ಮೀನಖಂಡದವರೆಗೆ ಕಾಲು ಹೂತುಹೋಯಿತು. ನಾಯಿಯೊಂದಿಗೆ ಅಡ್ಡಾಡುತ್ತಿದ್ದ ಹಿರಿಯರೊಬ್ಬರು ದೂರದಿಂದಲೇ ಕೂಗಿ, ಎಳೆದಾಡದೆ ಹಿಂದಕ್ಕೆ ವಾಲಿ ಕುಳಿತು, ಕಾಲುಗಳನ್ನು ಒಂದೊಂದಾಗಿ ಅಲುಗಿಸಿ ಬಿಡಿಸಿಕೊಳ್ಳುವಂತೆ ಹೇಳಿದರು. ನನ್ನ ಒಂದು ಚಪ್ಪಲಿ ಈಗಲೂ ಅಲ್ಲೇ ಇರಬೇಕು. ಕೆಸರಿನ ಎಚ್ಚರಿಕೆಯ ಫಲಕ ನಾನು ಇಳಿದ ಮೆಟ್ಟಿಲಿನ ಪಕ್ಕದಲ್ಲೇ ಇತ್ತು. ಅದಕ್ಕೆ ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆದುಕೊಂಡಿದ್ದೆ.

ಆದ್ದರಿಂದ ಹೊರಡುವ ಮೊದಲೇ ಆ ದಿನದ ಭರತ-ಇಳಿತದ ವೇಳೆಯನ್ನು ನೋಡಿಕೊಳ್ಳಿ. ನಮ್ಮ ಕರಾವಳಿಯಲ್ಲಿ ಭರತಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಒಂದೂವರೆ ಮೀಟರಿನ ಆಸುಪಾಸಿನ ವ್ಯತ್ಯಾಸವಿದ್ದರೆ, ವೆಸ್ಟನ್ ಎದುರಿಗಿರುವ ಬ್ರಿಸ್ಟಲ್ ಚಾನೆಲ್ ಎಂಬ ಕಡಲಭಾಗದ ಕೆಲವೆಡೆ ಅದು 14 ಮೀಟರ್‌ವರೆಗೂ ಹೋಗುತ್ತದೆ. ನೀರು ಏರಲು ತೆಗೆದುಕೊಳ್ಳುವ ಆರು ಗಂಟೆ ಚಿಲ್ಲರೆಯಲ್ಲಿ ನಡುವಿನ ಎರಡು ಗಂಟೆಗಳಲ್ಲೇ ಸುಮಾರು ಅರ್ಧದಷ್ಟು ಏರಿಬಿಡುತ್ತದೆ. ಎಂದರೆ 12 ಮೀಟರ್ ಏರಿಳಿತವಿರುವ ಕಡೆ ಗಂಟೆಗೆ ಮೂರು ಮೀಟರ್, ಒಂದು ಆಳಿಗಿಂತ ಹೆಚ್ಚು. ಅಮಾವಾಸ್ಯೆ, ಹುಣ್ಣಿಮೆಗಳ ಆಜುಬಾಜಿನಲ್ಲಿ ಭರತ ಜೋರು ಎಂಬ ನಮ್ಮ ತಿಳಿವಳಿಕೆ ಅಲ್ಲಿಯೂ ನಡೆಯುತ್ತದೆ. ಬ್ರಿಟನ್ನಿನ ಮುದ್ರಿತ ಪಟ್ಟಿಗಳಲ್ಲಿ ಅನೇಕವು ಗ್ರೀನಿಚ್ ವೇಳೆಯಲ್ಲಿರುವುದರಿಂದ ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಕೂಡಿಸಬೇಕು. ಬಂಡೆಗಳ ಅಡಿಯಲ್ಲಿ ಸಾಗುವ ತೀರವಾದರೆ, ನೀರು ಏರಿದಾಗ ಹಿಂದಿರುಗುವ ದಾರಿ ಉಳಿಯುತ್ತದೆಯೇ ಎಂದು ಖಚಿತವಾಗದೆ ಮೂಲೆ ದಾಟಬೇಡಿ.

ತಲುಪಿದ ಮೇಲೆ ಅರ್ಧ ಗಂಟೆ ಎತ್ತರದ ಜಾಗದಲ್ಲಿ ಕುಳಿತು ನೀರನ್ನು ನೋಡಿ. ಎರಡೂ ಬದಿಗಳಲ್ಲಿ ಅಲೆ ಒಡೆದು ನೊರೆಯೇಳುತ್ತಿರುವಾಗ ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ತುಸು ಕಪ್ಪಾಗಿ ಕಂಡರೆ, ಹೊಸಬರಿಗೆ ಅದೇ ಇಳಿಯಲು ಯೋಗ್ಯವೆನಿಸುತ್ತದೆ. ದಂಡೆಗೆ ಬಂದ ನೀರು ಹಿಂದಕ್ಕೆ ಹರಿಯುವ ಸೆಳೆತದ ದಾರಿ ಅದೇ ಆಗಿರಬಹುದು. ಅದರಲ್ಲಿ ಸಿಕ್ಕಿಬಿದ್ದರೆ ದಂಡೆಯತ್ತ ಎದುರೀಜಿ ಸುಸ್ತಾಗಬಾರದು. ತೇಲುತ್ತಾ ಕೈಯೆತ್ತಿ ಸಹಾಯ ಕೇಳಬೇಕು, ಶಕ್ತಿಯಿದ್ದರೆ ದಂಡೆಗೆ ಸಮಾನಾಂತರವಾಗಿ ಈಜಿ ಪಕ್ಕಕ್ಕೆ ತಪ್ಪಿಸಿಕೊಳ್ಳಬೇಕು.

ಬಾವುಟದ ವಿಚಾರದಲ್ಲಿ ನಮ್ಮವರು ಎಡವುತ್ತಾರೆ. ಮಳೆಗಾಲದಲ್ಲಿ ಮಲ್ಪೆಯ ದಂಡೆಗೆ ಬಲೆ ಕಟ್ಟಿ ಕೆಂಪು ಬಾವುಟ ನೆಡುವುದನ್ನು ನೋಡಿ ಬೆಳೆದ ನಮಗೆ ಕೆಂಪು ಕಂಡಲ್ಲಿ ದೂರ ಸರಿಯುವುದು ಅಭ್ಯಾಸ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಬರೀ ಕೆಂಪು ಬಾವುಟಕ್ಕೆ ಅಪಾಯವೆಂಬ ಅರ್ಥವೇ ಇದ್ದರೂ, ಮೇಲರ್ಧ ಕೆಂಪು, ಕೆಳಗರ್ಧ ಹಳದಿಯಿರುವ ಎರಡು ಬಾವುಟಗಳ ನಡುವಿನ ಜಾಗ ಜೀವರಕ್ಷಕರು ಕಾವಲಿರುವ ಜಾಗ. ಈಜುವುದಾದರೆ ಅಲ್ಲೇ ಈಜಬೇಕು. ಕಪ್ಪು-ಬಿಳಿ ಚೌಕಗಳ ಬಾವುಟವಿರುವ ಕಡೆ ಸರ್ಫಿಂಗ್ ಹಲಗೆಗಳು ನುಗ್ಗಿಬರುತ್ತವೆ.

ಚಳಿಯನ್ನೂ ಹಗುರವಾಗಿ ಎಣಿಸಬೇಡಿ. ಅರಬ್ಬಿ ಸಮುದ್ರದ ಬೆಚ್ಚಗಿನ ನೀರಿಗೆ ಒಗ್ಗಿದ ಮೈ 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಒಮ್ಮೆಲೇ ಬಿದ್ದರೆ ಉಸಿರು ಹಿಡಿತ ತಪ್ಪುತ್ತದೆ. ಅಂಗಾತ ತೇಲಿದರೆ ಒಂದೂವರೆ ನಿಮಿಷದೊಳಗೆ ಅದು ಸಾಮಾನ್ಯವಾಗಿ ಹತೋಟಿಗೆ ಬರುತ್ತದೆ. ಕೊಲ್ಲಿ ರಾಷ್ಟ್ರಗಳಲ್ಲಿ ಸಮಸ್ಯೆ ಬೇರೆ: ಬೇಸಿಗೆಯಲ್ಲಿ ನಡುಹಗಲಿಗೆ ಹೋಗಬಾರದು, ಉಡುಪಿನ ನಿಯಮ ನೋಡಿಕೊಳ್ಳಬೇಕು, ಅನುಮತಿಯಿಲ್ಲದೆ ಬೇರೆಯವರ ಫೋಟೊ ತೆಗೆದರೆ ಕೇಸು ಬೀಳಬಹುದು.

ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಗಂಟೆಗೆ ಮರಳುತ್ತೀರಿ ಎಂಬುದನ್ನು ಅದೇ ಊರಿನಲ್ಲಿರುವ ಯಾರಿಗಾದರೂ, ಕೊನೆಗೆ ಮನೆ ಮಾಲೀಕರಿಗಾದರೂ, ತಿಳಿಸಿ. ಉಡುಪಿಯ ಅಮ್ಮನಿಗೆ ಫೋಟೊ ಕಳುಹಿಸಿದರೆ ಸಾಲದು. ಬ್ರಿಟನ್ನಿನಲ್ಲಿ ಸಂಜೆಯಾಗುವಾಗ ಅವರಿಗೆ ನಡುರಾತ್ರಿಯಾಗಿರುತ್ತದೆ, ಎಚ್ಚರವಿದ್ದರೂ ಅಲ್ಲಿಂದ ಅವರು ಯಾರನ್ನು ಕರೆಯಬೇಕು? ಬ್ರಿಟನ್ನಿನಲ್ಲಿ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಕೇಳಬೇಕು, ಆಸ್ಟ್ರೇಲಿಯಾದಲ್ಲಿ 000. ಇಳಿದ ಮೆಟ್ಟಿಲಿನ ಬಳಿಯ ಫಲಕದಲ್ಲಿ ಆ ಜಾಗದ ಹೆಸರಿದ್ದರೆ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಎಲ್ಲಿದ್ದೀರೆಂದು ಕೇಳಿದಾಗ ಹೇಳಲು ಬೇಕಾಗುವುದು ಆ ಹೆಸರೇ.