ಒಎಲ್‌ಇಡಿ ಟಿವಿಯ ಚಿತ್ರ, ಧ್ವನಿ: ನಾನು ಪರೀಕ್ಷಿಸುವ ಬಗೆ

ಅಂಗಡಿಯ ಬೆಳಕಿನಲ್ಲಿ ಒಎಲ್‌ಇಡಿ ಟಿವಿ (ಪ್ರತಿ ಪಿಕ್ಸೆಲ್, ಅಂದರೆ ಚಿತ್ರದ ಪ್ರತಿ ಚುಕ್ಕಿ, ತಾನೇ ಬೆಳಗಿ ತಾನೇ ಆರುವ ಟಿವಿ) ನೋಡಿ ಅದರ ಗುಣ ಹೇಳಲು ಬರುವುದಿಲ್ಲ. ಅಲ್ಲಿ ಡೆಮೊ ಮೋಡ್ ಓಡುತ್ತಿರುತ್ತದೆ. ಬಣ್ಣ, ಹೊಳಪು ಎರಡನ್ನೂ ತುದಿಗೇರಿಸಿರುತ್ತಾರೆ. ಈ ಟಿವಿಗೆ ದುಡ್ಡು ಕೊಡುವುದೇ ಅದರ ಕಪ್ಪಿಗೆ, ಆ ಕಪ್ಪೇ ಅಲ್ಲಿ ಕಾಣುವುದಿಲ್ಲ. ಹಾಗಾಗಿ ನಾನು ಟಿವಿಯನ್ನು ಪರೀಕ್ಷಿಸುವುದು ಅದು ನಿಲ್ಲುವ ಮನೆಯಲ್ಲೇ, ಅದೇ ಗೋಡೆಯ ಮುಂದೆಯೇ. ಚಿತ್ರಕ್ಕೆ ಒಂದು ಸಂಜೆ, ಧ್ವನಿಗೆ ಇನ್ನೊಂದು. ಟಿವಿ ಮನೆಗೆ ಬಂದ ಮೊದಲ ವಾರದೊಳಗೆ ಇದನ್ನು ಮುಗಿಸಬೇಕು, ಬದಲಿಸಿ ಕೊಡಿ ಎಂದು ಕೇಳುವ ಅವಧಿ ಎಷ್ಟೋ ಕಡೆ ಅಷ್ಟೇ ಇರುತ್ತದೆ.

ಮೊದಲು ಅಳತೆಪಟ್ಟಿ. 65 ಇಂಚಿನ ಪರದೆಯ ಅಗಲ ಸುಮಾರು 144 ಸೆಂಟಿಮೀಟರ್. 2 ಮೀಟರ್ ದೂರದಲ್ಲಿ ಕುಳಿತರೆ ಪರದೆ ಕಣ್ಣಿನ ನೋಟದ 40 ಡಿಗ್ರಿಯನ್ನು ತುಂಬುತ್ತದೆ, 2.7 ಮೀಟರಿನಲ್ಲಿ 30 ಡಿಗ್ರಿಯನ್ನು. ನಮ್ಮ ಕರಾವಳಿ ಕಡೆಯ ಮನೆಗಳ ಚಾವಡಿಯಲ್ಲಿ ಸೋಫಾ ಎದುರು ಗೋಡೆಗೆ ಒರಗಿರುತ್ತದೆ, ದೂರ ಮೂರೂವರೆ ಮೀಟರ್ ದಾಟುತ್ತದೆ. ಅಷ್ಟು ದೂರದಿಂದ ಫುಲ್ ಎಚ್‌ಡಿಗೂ 4ಕೆಗೂ ಇರುವ ವ್ಯತ್ಯಾಸ ಸಾಮಾನ್ಯ ಕಣ್ಣಿಗೆ ಸಿಗುವುದು ಕಷ್ಟ. ಪರೀಕ್ಷೆಯ ದಿನ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತೇನೆ. ಮನೆಯವರು ದಿನವೂ ಕೂರುವ ಜಾಗದಿಂದಲೂ ಒಮ್ಮೆ ನೋಡುತ್ತೇನೆ.

ಟಿವಿ ಅರ್ಧ ಗಂಟೆ ಓಡಿದ ಮೇಲೆ ಸೆಟ್ಟಿಂಗ್‌ಗೆ ಕೈಹಾಕುವುದು. ಚಿತ್ರವನ್ನು ತಯಾರಾದ ಹಾಗೆಯೇ ತೋರಿಸುವ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದು, ಇಲ್ಲದಿದ್ದರೆ ಸಿನಿಮಾ. ಎನರ್ಜಿ ಸೇವಿಂಗ್, ಕೋಣೆಯ ಬೆಳಕು ನೋಡಿ ಹೊಳಪು ಬದಲಿಸುವ ಸೆನ್ಸರ್, ಹೆಸರಿನಲ್ಲಿ ಎಐ ಇರುವ ಎಲ್ಲವೂ ಆಫ್. ಕಲರ್ ಟೆಂಪರೇಚರ್ ವಾರ್ಮ್‌ನ ಕೊನೆಯ ಹೆಜ್ಜೆಯಲ್ಲಿರಲಿ. ಚಿತ್ರ ತಯಾರಾಗುವುದು 6500 ಕೆಲ್ವಿನ್ ಸುತ್ತಲಿನ ಬಿಳಿಯ ಮೇಲೆ. ನೀಲಿ ಬಿಳಿಗೆ ಒಗ್ಗಿದ ಕಣ್ಣಿಗೆ ಇದು ಮೊದಲು ಹಳದಿ ಅನಿಸುತ್ತದೆ. ಎರಡು ದಿನ ಬಿಟ್ಟರೆ ಹಳೆಯದೇ ನೀಲಿಯಾಗಿ ಕಾಣುತ್ತದೆ.

ಇನ್ನು ಕಪ್ಪು. ಕತ್ತಲಾದ ಮೇಲೆ ಕಿಟಕಿ ಮುಚ್ಚಿ, ಬೀದಿದೀಪ ಬರುವ ಕಡೆ ದಪ್ಪ ಬಟ್ಟೆ ಇಳಿಬಿಟ್ಟು, ಮೊಬೈಲ್ ಮಗುಚಿಟ್ಟು ಹತ್ತು ನಿಮಿಷ ಸುಮ್ಮನೆ ಕೂರಬೇಕು. ಕಣ್ಣು ಕತ್ತಲಿಗೆ ಹೊಂದಿಕೊಳ್ಳದೆ ಈ ಪರೀಕ್ಷೆಗೆ ಅರ್ಥವಿಲ್ಲ. ಪೆನ್ ಡ್ರೈವ್‌ನಲ್ಲಿ ಉಚಿತವಾಗಿ ಸಿಗುವ ಎವಿಎಸ್ ಎಚ್‌ಡಿ 709 ಪ್ಯಾಟರ್ನ್‌ಗಳನ್ನು, ಅಂದರೆ ಟಿವಿ ಪರೀಕ್ಷೆಯ ಚಿತ್ರಗಳನ್ನು, ಹಾಕಿಕೊಂಡಿರುತ್ತೇನೆ. ವಿಡಿಯೊದಲ್ಲಿ ಬೆಳಕಿನ ಪ್ರತಿ ಮಟ್ಟಕ್ಕೂ ಒಂದು ಸಂಖ್ಯೆ; ಕಪ್ಪಿನದು 16, ಬಿಳಿಯದು 235. ಒಎಲ್‌ಇಡಿಯಲ್ಲಿ 16 ಎಂದರೆ ಪಿಕ್ಸೆಲ್ ಪೂರ್ತಿ ಆರಿರಬೇಕು, ಟಿವಿಯ ಅಂಚು ಎಲ್ಲಿದೆಯೆಂದು ಕೈಯಿಂದ ತಡವಬೇಕಾದಷ್ಟು. 17ನೆಯ ಪಟ್ಟಿ ಕಂಡೂ ಕಾಣದಂತೆ ಮಿನುಗಬೇಕು, 18, 19 ಒಂದೊಂದೇ ಮೆಟ್ಟಿಲು ಮೇಲೆ. ಮೊದಲು ಕಾಣುವುದೇ 20 ಅಥವಾ 21 ಆದರೆ ನೆರಳಿನ ವಿವರವನ್ನು ಟಿವಿ ನುಂಗುತ್ತಿದೆ; ಬ್ಲ್ಯಾಕ್ ಲೆವೆಲನ್ನು ಒಂದೊಂದೇ ಅಂಕೆ ಏರಿಸಬೇಕು. ಏರಿಸಿದಾಗ 16 ಕೂಡ ಬೂದು ಬಣ್ಣಕ್ಕೆ ತಿರುಗಿದರೆ ಒಂದು ಅಂಕೆ ಹಿಂದಕ್ಕೆ ಬನ್ನಿ. ಎಚ್‌ಡಿಎಂಐಯಲ್ಲಿ ಬೇರೆ ಪ್ಲೇಯರ್ ಇದ್ದರೆ ಅದೂ ಟಿವಿಯೂ ಒಂದೇ ರೇಂಜಿನಲ್ಲಿರಬೇಕು. ಒಂದು ಫುಲ್ (ಕಪ್ಪು 0ಯಿಂದ), ಒಂದು ಲಿಮಿಟೆಡ್ (ಕಪ್ಪು 16ರಿಂದ) ಆದರೆ ಕಪ್ಪು ತೊಳೆದುಹೋಗುತ್ತದೆ ಅಥವಾ ಹೂತುಹೋಗುತ್ತದೆ, ದೂರು ಮಾತ್ರ ಟಿವಿಯ ಮೇಲೆ ಬರುತ್ತದೆ.

ಆಮೇಲೆ ಕಪ್ಪಿಗೆ ತೀರ ಹತ್ತಿರದ 5 ಶೇಕಡಾ ಬೂದು, ಅದರ ಬಳಿಕ 2 ಶೇಕಡಾ, ಇಡೀ ಪರದೆ ತುಂಬ. ಒಗೆದ ಪಂಚೆಯನ್ನು ಬೆಳಕಿಗೆ ಹಿಡಿದಾಗ ನೂಲಿನ ಎಳೆ ಕಾಣುವ ಹಾಗೆ ಉದ್ದುದ್ದ ಗೆರೆಗಳು ಕಾಣುತ್ತವೆ. ಸ್ವಲ್ಪ ಇದ್ದೇ ಇರುತ್ತದೆ, ಅದು ಪ್ಯಾನೆಲಿನ ಸ್ವಭಾವ: ಪ್ರತಿ ಪಿಕ್ಸೆಲಿಗೆ ಕರೆಂಟ್ ಕೊಡುವ ಟ್ರಾನ್ಸಿಸ್ಟರ್‌ಗಳು ಒಂದರಂತೆ ಒಂದಿರುವುದಿಲ್ಲ, ಬೆಳಕು ಕಡಿಮೆಯಾದಷ್ಟೂ ಆ ವ್ಯತ್ಯಾಸ ಎದ್ದು ತೋರುತ್ತದೆ. ಕತ್ತಲ ದೃಶ್ಯವೊಂದರಲ್ಲಿ ಕ್ಯಾಮೆರಾ ನಿಧಾನ ತಿರುಗುವಾಗ ಆ ಗೆರೆ ಕಣ್ಣಿಗೆ ಬಿದ್ದರೆ ಮಾತ್ರ ನಾನು ಅದನ್ನು ದೋಷ ಎಂದು ಬರೆದುಕೊಳ್ಳುತ್ತೇನೆ.

ಈ ಗೆರೆಗಳನ್ನು ಸರಿಪಡಿಸಲು ಟಿವಿಯೊಳಗೇ ವ್ಯವಸ್ಥೆ ಇದೆ. ನಮ್ಮೂರಿನಲ್ಲಿ ಅದು ತಪ್ಪಿಹೋಗುವುದೇ ಹೆಚ್ಚು. ಎಲ್‌ಜಿ ಟಿವಿಗಳಲ್ಲಿ ಒಟ್ಟು 4 ಗಂಟೆ ನೋಡಿದ ಬಳಿಕ, ರಿಮೋಟಿನಿಂದ ಆರಿಸಿದಾಗ ಟಿವಿ ಕೆಲವು ನಿಮಿಷ ತನ್ನಷ್ಟಕ್ಕೆ ಪ್ಯಾನೆಲನ್ನು ಅಳೆದು ಸರಿದೂಗಿಸಿಕೊಳ್ಳುತ್ತದೆ. 2000 ಗಂಟೆ ಆದಾಗ ಸುಮಾರು ಒಂದು ಗಂಟೆಯ ದೊಡ್ಡ ಸುತ್ತು. ಎರಡಕ್ಕೂ ಗೋಡೆಯ ಸ್ವಿಚ್ ಆನ್ ಇರಬೇಕು. ಟಿವಿ ಆರಿಸಿದ ಕೂಡಲೇ ಸ್ವಿಚ್ ತೆಗೆಯುವ ಅಭ್ಯಾಸವಿದ್ದರೆ ಈ ಕೆಲಸ ನಡೆಯುವುದೇ ಇಲ್ಲ, ತಿಂಗಳುಗಟ್ಟಲೆ ಕಳೆದ ಮೇಲೆ ಗೆರೆ, ಕಲೆ ಎಂದು ದೂರು. ಹಾಗೆಂದು ಮೇ ತಿಂಗಳ ಸಿಡಿಲಿಗೆ ಪ್ಲಗ್ ಕೀಳದೆ ಇರಲೂ ಆಗುವುದಿಲ್ಲ. ನನ್ನ ಕ್ರಮ ಇಷ್ಟು: ಮೋಡ ಕಟ್ಟದ ದಿನ ಸ್ಟ್ಯಾಂಡ್‌ಬೈಯಲ್ಲೇ ಬಿಡುವುದು, ಮೋಡ ಕಟ್ಟಿದ ಕೂಡಲೇ, ಗುಡುಗು ಕೇಳುವ ಮೊದಲೇ ಪ್ಲಗ್, ಮಾಡಿನ ಮೇಲಿನ ಡಿಶ್‌ನಿಂದ ಬರುವ ಕೇಬಲ್, ಇಂಟರ್ನೆಟ್ಟಿನ ಲ್ಯಾನ್ ವಯರ್ ಮೂರನ್ನೂ ಕೀಳುವುದು. ಪ್ಲಗ್ ಒಂದನ್ನೇ ಕಿತ್ತು ಕೇಬಲ್ ಬಿಟ್ಟರೆ ಸಿಡಿಲು ಆ ದಾರಿಯಲ್ಲಿ ಬಂದೀತು. ಇದೇ ಸರಿಪಡಿಸುವ ಕೆಲಸವನ್ನು ಕೈಯಾರೆ ಓಡಿಸಲು ಮೆನುವಿನಲ್ಲಿರುವ ಪಿಕ್ಸೆಲ್ ರಿಫ್ರೆಶ್ ಅನ್ನು ಪದೇ ಪದೇ ಒತ್ತಬಾರದು, ಅದರಿಂದ ಪ್ಯಾನೆಲ್ ಸವೆಯಬಹುದು.

ಪ್ಯಾಟರ್ನ್ ಆದ ಮೇಲೆ ನಾನು ಹಾಕುವುದು ರಾತ್ರಿಯ ಆಟದ, ಅಂದರೆ ಯಕ್ಷಗಾನದ, ರೆಕಾರ್ಡಿಂಗ್. ಗದ್ದೆಯ ಕತ್ತಲು, ನಡುವೆ ರಂಗಸ್ಥಳದ ಬೆಳಕು, ಕಿರೀಟದ ಚಿನ್ನದ ಬಣ್ಣದಲ್ಲಿ ಹೊಳಪು, ಬಣ್ಣದ ವೇಷದ ಕೆಂಪು: ಇಷ್ಟನ್ನೂ ಒಟ್ಟಿಗೆ ಕೊಡುವ ದೃಶ್ಯ ಬೇರೆ ಸಿಗುವುದು ಅಪರೂಪ. ಭಾಗವತರ ಹಿಂದಿನ ಪರದೆಯ ಮಡಿಕೆ ಕಾಣುತ್ತದೆಯೇ, ಕೆಂಪು ಬಟ್ಟೆಯೊಳಗೆ ನೆರಿಗೆ ಉಳಿದಿದೆಯೇ ಅಥವಾ ಒಂದೇ ಕೆಂಪು ಮುದ್ದೆಯಾಗಿದೆಯೇ ನೋಡುತ್ತೇನೆ. ಕತ್ತಲಲ್ಲಿ ಚೌಕ ಚೌಕ ಕಲೆಗಳು ಕುಣಿದರೆ ಗಾಬರಿ ಬೇಡ, ಅದು ಇಂಟರ್ನೆಟ್ ವಿಡಿಯೊದ ಕಂಪ್ರೆಷನ್. ಪ್ಯಾನೆಲಿನ ದೋಷ ಜಾಗ ಬಿಟ್ಟು ಕದಲುವುದಿಲ್ಲ, ಕಾರ್ಯಕ್ರಮ ಬದಲಿಸಿದರೂ ಅಲ್ಲೇ ಇರುತ್ತದೆ.

ಹೊಳಪಿಗೆ ಮೀಟರ್ ಬೇಕಾಗಿಲ್ಲ. ಲ್ಯಾಪ್‌ಟಾಪ್ ಜೋಡಿಸಿ, ಕಪ್ಪು ಡೆಸ್ಕ್‌ಟಾಪಿನ ಮೇಲೆ ಖಾಲಿ ಬಿಳಿ ಪುಟವನ್ನು ಸಣ್ಣ ಕಿಟಕಿಯಾಗಿ ತೆರೆದು ಮೆಲ್ಲಗೆ ಪರದೆ ತುಂಬ ಎಳೆಯಿರಿ. ಎಳೆದಂತೆ ಬಿಳಿ ಮಂಕಾಗುತ್ತದೆ. ಪೆಟ್ಟಿಗೆಯ ಮೇಲಿನ ನಿಟ್ (ಹೊಳಪಿನ ಅಳತೆ) ಸಂಖ್ಯೆ ಪರದೆಯ ಸಣ್ಣ ಭಾಗ ಮಾತ್ರ ಬೆಳಗಿದಾಗಿನದು. ಅಲ್ಲಿ 800 ನಿಟ್ ಕೊಡುವ ಪ್ಯಾನೆಲ್ ಪೂರ್ತಿ ಬಿಳಿಯಲ್ಲಿ 200ರ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಮಲ್ಪೆಯ ಮಧ್ಯಾಹ್ನದ ಮರಳಿನ ದೃಶ್ಯ ಮಂಕೆನಿಸುವುದು ಇದರಿಂದಲೇ. ಅದೇ ಕಡಲಿನ ಸೂರ್ಯಾಸ್ತದಲ್ಲಿ ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಮೂಲ ವಿಡಿಯೊ 8 ಬಿಟ್ಟೋ 10 ಬಿಟ್ಟೋ ಮೊದಲು ನೋಡಿ (ಬಿಟ್ ಹೆಚ್ಚಾದಷ್ಟೂ ಬಣ್ಣದ ಮೆಟ್ಟಿಲು ಸಣ್ಣದು), 8 ಆದರೆ ಮೆಟ್ಟಿಲು ಮೂಲದಲ್ಲೇ ಇರುವ ಸಾಧ್ಯತೆ ಹೆಚ್ಚು. ಹಗಲು ಬಾಗಿಲು ತೆರೆದಿಡುವ ಚಾವಡಿಯಾದರೆ ಇನ್ನೊಂದು ಗಮನ ಬೇಕು: ಒಎಲ್‌ಇಡಿಯ ಇನ್ನೊಂದು ಬಗೆಯಾದ ಕ್ಯೂಡಿ-ಒಎಲ್‌ಇಡಿ ಪ್ಯಾನೆಲಿನಲ್ಲಿ ಹೊರಬೆಳಕಿನ ಪ್ರತಿಫಲನ ತಡೆಯುವ ಪೋಲರೈಸರ್ ಪದರ ಇಲ್ಲದ ಕಾರಣ ಹೊರಬೆಳಕು ಬಿದ್ದಾಗ ಕಪ್ಪು ತುಸು ನೇರಳೆ ಬೂದು ಬಣ್ಣಕ್ಕೆ ತಿರುಗುತ್ತದೆ. ರಾತ್ರಿ ಅದರ ಬಣ್ಣ ಬಹಳ ಚೆನ್ನ.

ಚಲನೆಗೆ ಕಂಬಳ. ಕೋಣಗಳು ಕರೆಯಲ್ಲಿ (ಕೆಸರಿನ ಓಟದ ಹಾದಿಯಲ್ಲಿ) ಓಡುವಾಗ ಚಿಮ್ಮುವ ಕೆಸರುನೀರಿನ ಹನಿಗಳು ಬೇರೆಬೇರೆಯಾಗಿ ಕಾಣಬೇಕು, ಓಡಿಸುವವರ ಕಾಲಿನ ಸುತ್ತ ಅಂಟಿನಂಥ ಅಂಚು ಬರಬಾರದು. ಬಂದರೆ ಮೋಷನ್ ಸೆಟ್ಟಿಂಗ್ ಅತಿಯಾಗಿದೆ. ಸಿನಿಮಾದಲ್ಲಿ ಸಮಸ್ಯೆ ತಿರುಗುಮುರುಗು: ಸೆಕೆಂಡಿಗೆ 24 ಚಿತ್ರ, ಒಂದೊಂದೂ ಸುಮಾರು 42 ಮಿಲಿಸೆಕೆಂಡ್ ನಿಲ್ಲುತ್ತದೆ, ಒಎಲ್‌ಇಡಿ ಕ್ಷಣದಲ್ಲಿ ಮುಂದಿನ ಚಿತ್ರಕ್ಕೆ ಹಾರುವುದರಿಂದ ಕ್ಯಾಮೆರಾ ನಿಧಾನ ತಿರುಗುವ ದೃಶ್ಯ ಕುಲುಕುತ್ತದೆ. ಈ ಕುಲುಕು ತಗ್ಗಿಸುವ ಡಿ-ಜಡರ್ ಸೆಟ್ಟಿಂಗನ್ನು ಹತ್ತರಲ್ಲಿ 2 ಅಥವಾ 3ಕ್ಕೆ ಇಟ್ಟರೆ ಕುಲುಕು ತಗ್ಗುತ್ತದೆ, ಧಾರಾವಾಹಿಯ ನುಣುಪು ಬರುವುದಿಲ್ಲ.

ಎರಡನೆಯ ಸಂಜೆ ಧ್ವನಿ. ಸೌಂಡ್ ಮೋಡ್ ಸ್ಟ್ಯಾಂಡರ್ಡ್, ಆಟೊ ವಾಲ್ಯೂಮ್ ಆಫ್. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ. ಕಾವಿ ನೆಲ, ಬೋಳು ಗೋಡೆಯ ಚಾವಡಿಯಲ್ಲಿ ಅದು ಝಣ್ ಎಂದು ಮರುದನಿಸುತ್ತದೆ. ಟಿವಿಯ ಸ್ಪೀಕರ್ ಬಹುತೇಕ ಕೆಳಮುಖ ಅಥವಾ ಹಿಮ್ಮುಖ, ಮಾತು ನೆಲಕ್ಕೆ, ಗೋಡೆಗೆ ಬಡಿದೇ ನಮಗೆ ತಲುಪುತ್ತದೆ. ಟಿವಿಗೂ ಸೋಫಾಕ್ಕೂ ನಡುವೆ ದಪ್ಪ ಜಮಖಾನ ಹಾಸಿ ಮತ್ತೆ ಕೇಳಿದರೆ ವ್ಯಂಜನಗಳು ಬಿಡಿಸಿಕೊಳ್ಳುತ್ತವೆ. ಬಳಿಕ 20ರಿಂದ 300 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಟೋನ್. ತೆಳು ಟಿವಿಯಲ್ಲಿ 80–100ರ ಕೆಳಗೆ ಹೆಚ್ಚೇನೂ ಇರುವುದಿಲ್ಲ. ನಡುವೆ ಎಲ್ಲೋ ಗಿರ್ರ್ ಎಂದರೆ ಟೋನ್ ಅಲ್ಲೇ ನಿಲ್ಲಿಸಿ ಕೈಯಿಟ್ಟು ಹುಡುಕಿ. ಸ್ಪೀಕರ್ ಒಡೆದಿದೆ ಎಂದುಕೊಂಡದ್ದು ಎಷ್ಟೋ ಸಲ ಶೋಕೇಸಿನ ಗಾಜು. ಗಾಜಿನ ಅಂಚಿಗೆ ತೆಳು ಫೆಲ್ಟ್ ಸಿಕ್ಕಿಸಿದರೆ ಮುಗಿಯಿತು.

ಸಂಗೀತಕ್ಕೆ ಮತ್ತೆ ಆಟದ ಪದ್ಯವೇ. ಭಾಗವತರು ಏರುಶ್ರುತಿಯಲ್ಲಿ ಹಾಡುತ್ತಿರುವಾಗ ಚೆಂಡೆ ನುಗ್ಗುವ ಜಾಗ ಆರಿಸಿ, ವಾಲ್ಯೂಮ್ ಐದೈದು ಏರಿಸುತ್ತಾ ಹೋಗಿ. ಒಂದು ಹಂತದಲ್ಲಿ ಪ್ರತಿ ಚೆಂಡೆ ಪೆಟ್ಟಿಗೂ ಭಾಗವತರ ದನಿ ಮುಳುಗಿ ಏಳುತ್ತದೆ. ಟಿವಿಯೊಳಗಿನ ಲಿಮಿಟರ್ ಸ್ಪೀಕರ್ ಉಳಿಸಲು ಇಡೀ ಧ್ವನಿಯನ್ನು ಅದುಮುತ್ತಿದೆ ಎಂದರ್ಥ. ಆ ಅಂಕೆಯನ್ನು ಬರೆದಿಟ್ಟುಕೊಳ್ಳಿ, ಟಿವಿಯ ನಿಜವಾದ ಮೇಲ್ಮಿತಿ ಅದು. ಡಬ್ಬದ ಮೇಲಿನ ವ್ಯಾಟ್ ನೋಡಿ ಇದನ್ನು ಹೇಳಲಾಗುವುದಿಲ್ಲ. ಚೆಂಡೆಯ ಕೋಲು ಬಿದ್ದ ಕ್ಷಣಕ್ಕೂ ಸದ್ದಿಗೂ ಹೊಂದಿಕೆ ಇದೆಯೇ ಎಂದೂ ಇಲ್ಲೇ ನೋಡಬಹುದು. ಐಟಿಯು (ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಶಿಫಾರಸಿನ ಪ್ರಕಾರ ಸದ್ದು 45 ಮಿಲಿಸೆಕೆಂಡ್ ಮುಂಚೆ ಬಂದರೆ ಗೊತ್ತಾಗುತ್ತದೆ, ತಡವಾದರೆ 125ರ ತನಕ ಗೊತ್ತಾಗುವುದಿಲ್ಲ.

ಸೌಂಡ್‌ಬಾರ್ ಇದ್ದರೆ ಇಎಆರ್‌ಸಿ (ಟಿವಿಯಿಂದ ಬಾರ್‌ಗೆ ಧ್ವನಿ ಕಳಿಸುವ ದಾರಿ, ಹಳೆಯ ಎಆರ್‌ಸಿಯ ಸುಧಾರಿತ ರೂಪ) ಎಂದು ಬರೆದ ಎಚ್‌ಡಿಎಂಐ ಪೋರ್ಟಿಗೇ ಹಾಕಬೇಕು. ಒಟಿಟಿಯ ಅಟ್ಮಾಸ್ (ಸುತ್ತಲಿಂದಲೂ ಮೇಲಿಂದಲೂ ಬರುವಂಥ ಧ್ವನಿ) ಹಳೆಯ ಎಆರ್‌ಸಿಯಲ್ಲೂ ಹೋಗುತ್ತದೆ, ಬ್ಲೂ-ರೇ ಡಿಸ್ಕಿನ, ಗುಣ ಕಳೆದುಕೊಳ್ಳದ ಡಾಲ್ಬಿ ಟ್ರೂಎಚ್‌ಡಿ ಧ್ವನಿಗೆ ಮಾತ್ರ ಇಎಆರ್‌ಸಿ ಬೇಕೇ ಬೇಕು. ಆದರೆ ಬಾರ್ ಬೇಕೋ ಬೇಡವೋ ಎಂಬುದನ್ನು ನಾನು ತೀರ್ಮಾನಿಸುವುದು ಜೂನ್ ಬಂದ ಮೇಲೆ. ಹಂಚಿನ ಮಾಡಿನ ಮೇಲೆ ಜಡಿಮಳೆ ಹೊಯ್ಯುವಾಗ ಟಿವಿ ಹಾಕದೆಯೇ ಸದ್ದಿನ ಮೀಟರ್ 60 ಡೆಸಿಬೆಲ್ ದಾಟುವುದುಂಟು. ಆಗ ವಾರ್ತೆ ಓದುವವರ ಮಾತು ಸ್ಪಷ್ಟ ಕೇಳಲು ಬೇಕಾದ ವಾಲ್ಯೂಮ್ ನೋಡುತ್ತೇನೆ. ಚೆಂಡೆಯಲ್ಲಿ ಬರೆದಿಟ್ಟ ಅಂಕೆಗಿಂತ ಅದು ಮೇಲಿದ್ದರೆ ಬಾರ್ ತರುವುದೇ, ಕೆಳಗಿದ್ದರೆ ಆ ದುಡ್ಡು ಜಮಖಾನಕ್ಕೆ ಸಾಕು.